ಕ್ರೋನ್ಸ್ ಕಾಯಿಲೆಗೆ ಧಾನ್ಯ, ಬೇಳೆ, ಹಾಲು ಬಿಟ್ಟ ಪೇಲಿಯೋ ಊಟಕ್ಕೆ ಸಸ್ಯಾಹಾರಿಯೊಬ್ಬರು ಹೊಂದಿಕೊಳ್ಳುವುದು ಹೇಗೆ?

ಕರುಳಿನಲ್ಲಿ ಉರಿಯೂತ ಎಬ್ಬಿಸಿ ಹುಣ್ಣು ಮಾಡುವ ಕ್ರೋನ್ಸ್ ಕಾಯಿಲೆ ನಿಮಗಿದೆ; ಮನೆಯವರೆಲ್ಲ ಅನ್ನ, ರಾಗಿ, ಬೇಳೆ, ಮೊಸರು ಉಣ್ಣುವಾಗ ನೀವೊಬ್ಬರೇ ಅವನ್ನೆಲ್ಲ ಬಿಟ್ಟು ಬದುಕುವುದು ಹೇಗೆ, ಊಟ ಬದಲಾದ ಮೇಲೆ ಮಾತ್ರೆಗಳನ್ನು ಯಾವಾಗ ಇಳಿಸಬಹುದು ಎಂದು ಕೇಳಿದ್ದೀರಿ. ಇವೇ ಎರಡು ಪ್ರಶ್ನೆಗಳನ್ನು ಹೊತ್ತು ತಿರುಗಿ, ಕೊನೆಗೆ ನಡುರಾತ್ರಿ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವನು ನಾನು. ಆದ್ದರಿಂದ ಹೊಂದಿಕೊಳ್ಳುವ ಉಪಾಯಗಳಿಗಿಂತ ಮೊದಲು ನಿಮಗೊಂದು ಮಾತು ಕೇಳುತ್ತೇನೆ: ನಿಮ್ಮ ಸಣ್ಣಕರುಳು ಎಲ್ಲಾದರೂ ಕಿರಿದಾಗಿದೆಯೇ ಎಂದು ಸ್ಕ್ಯಾನ್ ಮಾಡಿಸಿ ನೋಡಿದ್ದೀರಾ?

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟದ ಮನೆ. ಒಳಗೆ ಮೊಟ್ಟೆಯೂ ಬರುವಂತಿರಲಿಲ್ಲ. ಹೊಟ್ಟೆನೋವು, ಭೇದಿ, ಸಂಜೆ ಕಾಣಿಸುವ ಜ್ವರ ಎಂದು ಆಸ್ಪತ್ರೆಗೆ ಅಲೆಯಲು ಶುರುಮಾಡಿದಾಗ ಮೊದಲು ಕರುಳಿನ ಕ್ಷಯವೆಂದು ಔಷಧ ಕೊಟ್ಟರು. ಅದಕ್ಕಾಗಿ ವೈದ್ಯರನ್ನು ದೂರುವುದು ನ್ಯಾಯವಲ್ಲ. ಕ್ಷಯವೂ ಕ್ರೋನ್ಸೂ ಹೆಚ್ಚಾಗಿ ಸಣ್ಣಕರುಳಿನ ಕೊನೆಯ ಭಾಗವನ್ನೇ ಹಿಡಿಯುತ್ತವೆ, ಕ್ಯಾಮೆರಾ ಕೊಳವೆ ಇಳಿಸಿ ಕರುಳನ್ನು ನೋಡುವ ಕೊಲೊನೊಸ್ಕೋಪಿಯಲ್ಲಿ ಎರಡರ ಹುಣ್ಣುಗಳೂ ಒಂದರಂತೆ ಇನ್ನೊಂದು ಕಾಣಬಲ್ಲವು, ಕ್ಷಯ ಇಷ್ಟು ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಮೊದಲು ಅದನ್ನೇ ಸಂಶಯಿಸುವುದು ಸಹಜ. ಆದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಗುಣ ಕಾಣದೆ, ಆಮೇಲೆ ಕ್ರೋನ್ಸ್ ಎಂದು ಹೆಸರು ಬದಲಾದಾಗ ನನಗೆ ಔಷಧದ ಮೇಲಿನ ನಂಬಿಕೆಯೇ ಹೋಗಿತ್ತು. ಪೇಲಿಯೋ ವಿಡಿಯೊಗಳು ನನ್ನ ಕೈಗೆ ಸಿಕ್ಕಿದ್ದು ಆ ಹೊತ್ತಿನಲ್ಲಿ.

ಆ ವಾದ ನಿಮಗೆ ಗೊತ್ತೇ ಇದೆ: ಬೇಸಾಯ ಹುಟ್ಟುವ ಮೊದಲು ಮನುಷ್ಯ ತಿನ್ನುತ್ತಿದ್ದುದೇ ನಮ್ಮ ದೇಹಕ್ಕೆ ಒಗ್ಗುವ ಆಹಾರ, ಧಾನ್ಯ, ಕಾಳು, ಹಾಲುಗಳು ಆಮೇಲೆ ಬಂದ ಉಪದ್ರವ ಎಂಬುದು. ವಾಲ್ಟರ್ ವೋಗ್ಟ್ಲಿನ್ ಎಂಬ ಅಮೆರಿಕದ ಜಠರರೋಗ ವೈದ್ಯರು 1975ರಲ್ಲಿ ಇದನ್ನು ಬರೆದರು. 1985ರಲ್ಲಿ ಈಟನ್ ಮತ್ತು ಕಾನರ್ ಎಂಬಿಬ್ಬರು ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದ ಮೇಲೆ ಅದಕ್ಕೆ ಮರ್ಯಾದೆ ಬಂತು. ಇವರೆಲ್ಲರ ಕಣ್ಣ ಮುಂದೆ ಇದ್ದದ್ದು ಬೇಟೆಯಾಡಿ ಮಾಂಸ ತಿನ್ನುವ ಮನುಷ್ಯ. ಮಾಂಸ, ಮೀನು, ಮೊಟ್ಟೆ ಮುಟ್ಟದವನು ಅದರ ಮೇಲೆ ಅಕ್ಕಿ, ರಾಗಿ, ಬೇಳೆ, ಹಾಲನ್ನೂ ಬಿಟ್ಟರೆ ಅವನ ಹೊಟ್ಟೆ ತುಂಬಿಸಬೇಕಾದದ್ದು ತರಕಾರಿ, ಹಣ್ಣು, ಬಾದಾಮಿ, ಗೋಡಂಬಿ ಮತ್ತು ತೆಂಗು ಮಾತ್ರ. ಈ ಲೆಕ್ಕವನ್ನು ಆಗ ನಾನು ಹಾಕಲಿಲ್ಲ. ನೀವು ಈಗಲೇ ಹಾಕಿ.

ಮೊದಲ ಕೆಲವು ವಾರ ಅದ್ಭುತವಾಗಿದ್ದವು. ಹೊಟ್ಟೆ ಉಬ್ಬರ ಇಳಿಯಿತು, ಭೇದಿ ಕಡಿಮೆಯಾಯಿತು. ಗೋಧಿ, ಬೇಳೆ, ಹಾಲಿನಲ್ಲಿರುವ ಕೆಲವು ಸಕ್ಕರೆಗಳು ಸಣ್ಣಕರುಳಿನಲ್ಲಿ ಪೂರ್ತಿ ಹೀರಿಕೆಯಾಗದೆ ದೊಡ್ಡಕರುಳಿಗೆ ಇಳಿದು, ಅಲ್ಲಿ ಹುಳಿತು ಗಾಳಿ ಮಾಡುತ್ತವೆ. ಅವನ್ನು ಬಿಟ್ಟರೆ ಯಾರ ಹೊಟ್ಟೆಯಾದರೂ ಹಗುರವಾಗಬಹುದು. ಆದರೆ ಅದೇ ಸಮಯದಲ್ಲಿ ನಾನು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೆ, ದೇಹದ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸಿ ಉರಿಯೂತ ತಡೆಯುವ ಅಜಾಥಯೋಪ್ರಿನ್ ಮಾತ್ರೆ ಕೂಡ ಶುರುವಾಗಿತ್ತು. ಸ್ಟೀರಾಯ್ಡ್ ಕೆಲವೇ ದಿನಗಳಲ್ಲಿ ಕೆಲಸ ಮಾಡುತ್ತದೆ, ಅಜಾಥಯೋಪ್ರಿನ್ ಪೂರ್ಣ ಪರಿಣಾಮ ತೋರಲು ಎರಡು ಮೂರು ತಿಂಗಳು ಬೇಕು. ಮಾತ್ರೆಗಳು ಮಾಡಿದ ಉಪಕಾರವನ್ನೆಲ್ಲ ನಾನು ಊಟದ ಖಾತೆಗೆ ಜಮೆ ಮಾಡಿಕೊಂಡೆ. ವೈದ್ಯರು ಸಣ್ಣಕರುಳಿನ ಎಂ.ಆರ್. ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದು ಕೊಟ್ಟಿದ್ದರು. ಆರೋಗ್ಯವಾಗಿದ್ದೇನಲ್ಲ ಎಂದು ಆ ಚೀಟಿಯನ್ನು ಫೈಲಿನೊಳಗೆ ಇಟ್ಟೆ. ನಾನು ಮಾಡಿದ ತಪ್ಪು ಇದೇ. ಅದರ ಬೆಲೆ ಏನೆಂದು ತಿಳಿಯಬೇಕಾದರೆ ಕೊಬ್ಬರಿಯ ವಿಷಯ ಹೇಳಬೇಕು.

ನಮ್ಮ ಕಡೆ ಕೊಬ್ಬರಿ ಮಾಡುವುದು ಹೀಗೆ: ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹರಡಿ, ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಾಯಿಯನ್ನು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಸುಲಿದು ಒಡೆದರೆ ಉಂಡೆ ಕೊಬ್ಬರಿ ಸಿಗುತ್ತದೆ. ಎಣ್ಣೆಯಂಶ ತುಂಬಿದ, ಹಲ್ಲಿಗೆ ಕಟಕಟ ಸಿಗುವ, ಎಷ್ಟು ಅಗಿದರೂ ಬಾಯಲ್ಲಿ ಸಿಪ್ಪೆ ಉಳಿಯುವ ಪದಾರ್ಥ ಅದು. ಪೇಲಿಯೋ ಪಟ್ಟಿಯಲ್ಲಿ ತೆಂಗಿಗೆ ಮೊದಲ ಪಂಕ್ತಿ. ಮನೆಯಲ್ಲೇ ಅಟ್ಟದ ತುಂಬ ಇದೆ, ದುಡ್ಡು ಕೊಡಬೇಕಿಲ್ಲ, ಹಸಿವು ಕಟ್ಟುತ್ತದೆ. ಅನ್ನ ಬಿಟ್ಟವನಿಗೆ ಶಕ್ತಿ ಬರಬೇಕಾದ ಜಾಗದಲ್ಲಿ ಕೊಬ್ಬರಿ ಮತ್ತು ಬಾದಾಮಿ ಬಂದು ಕೂತವು. ಜೊತೆಗೆ ಬೇಳೆಯಿಲ್ಲದ ಹಸಿ ಕ್ಯಾರೆಟ್ಟಿನ ಕೋಸಂಬರಿ.

ನನ್ನ ಸಣ್ಣಕರುಳಿನ ಕೊನೆಯಲ್ಲಿ, ಹುಣ್ಣು ಆಗಿ ಮಾಗಿ ಮತ್ತೆ ಹುಣ್ಣಾಗಿ, ಗೋಡೆ ದಪ್ಪಗಟ್ಟಿ ಒಳದಾರಿ ಕಿರಿದಾಗಿತ್ತು. ವೈದ್ಯರು ಇದನ್ನು ಸ್ಟ್ರಿಕ್ಚರ್ ಎನ್ನುತ್ತಾರೆ. ಸಣ್ಣಕರುಳಿನಲ್ಲಿ ಆಹಾರ ಬಹುಪಾಲು ದ್ರವವಾಗಿಯೇ ಹರಿಯುವುದರಿಂದ, ದಾರಿ ಕಿರಿದಾಗಿದ್ದರೂ ಗಂಜಿ, ಸಾರು, ಮೆತ್ತಗೆ ಬೆಂದ ಅನ್ನ ಹೇಗೋ ದಾಟಿಹೋಗುತ್ತವೆ. ಕರಗದ ನಾರಿನ ಚೂರುಗಳು ಮಾತ್ರ, ತೋಟದ ಡ್ರಿಪ್ಪರಿನ ಕಂಡಿಗೆ ಕಸ ಸಿಕ್ಕಿಕೊಂಡಂತೆ ಅಲ್ಲಿ ನಿಂತುಬಿಡುತ್ತವೆ. ಅಂದರೆ, ನನ್ನ ಕರುಳು ಸಲೀಸಾಗಿ ಸಾಗಿಸಬಲ್ಲ ಅನ್ನವನ್ನು ವಿಷವೆಂದು ಬಿಟ್ಟು, ಅದು ಸಾಗಿಸಲಾರದ ಕೊಬ್ಬರಿಯನ್ನು ಔಷಧವೆಂದು ತಿನ್ನುತ್ತಿದ್ದೆ. ಪಟ್ಟಿಯಲ್ಲಿ ಏನು ತಿನ್ನಬಹುದು ಎಂದಿತ್ತು. ಯಾರ ಕರುಳಿಗೆ, ಯಾವ ರೂಪದಲ್ಲಿ ಎಂದು ಇರಲಿಲ್ಲ.

ಸೂಚನೆಗಳು ಇರಲಿಲ್ಲವೆಂದಲ್ಲ. ಉಂಡ ಒಂದೆರಡು ಗಂಟೆಗೆ ಹೊಕ್ಕುಳಿನ ಬಲಕ್ಕೆ ಹಿಂಡುವ ನೋವು, ಪಕ್ಕದಲ್ಲಿ ಕೂತವರಿಗೂ ಕೇಳುವಷ್ಟು ಗುಡುಗುಡು, ಕೆಲವೊಮ್ಮೆ ವಾಂತಿಯಾಗಿ ನೋವು ಇಳಿಯುವುದು ಎಲ್ಲವೂ ಇತ್ತು. ಹೊಸ ಊಟಕ್ಕೆ ದೇಹ ಹೊಂದಿಕೊಳ್ಳುವಾಗ ಹೀಗಾಗುತ್ತದೆ, ವಿಷ ಹೊರಗೆ ಹೋಗುತ್ತಿದೆ ಎಂದು ವಿಡಿಯೊದವರು ಹೇಳಿದ್ದನ್ನು ನಂಬಿದ್ದೆ. ಯುಗಾದಿಯ ದಿನ ಮನೆಮಂದಿ ಒಬ್ಬಟ್ಟು ಉಣ್ಣುವಾಗ ನಾನು ಹೆಮ್ಮೆಯಿಂದ ನನ್ನ ಕೊಬ್ಬರಿ, ಬಾದಾಮಿ, ಕೋಸಂಬರಿ ಮುಗಿಸಿದೆ. ರಾತ್ರಿ ಹೊಟ್ಟೆ ಕಲ್ಲಾಯಿತು. ಹಸಿರು ವಾಂತಿ ಶುರುವಾಯಿತು, ಗಾಳಿ ಹೋಗುವುದು ನಿಂತಿತು. ಮೂಗಿನಲ್ಲಿ ಕೊಳವೆ ಹಾಕಿ ಡ್ರಿಪ್ ಕೊಟ್ಟು ಕಾದರೂ ದಾರಿ ಬಿಡಲಿಲ್ಲ. ಕರುಳಿನ ಆ ಭಾಗವನ್ನು ಕತ್ತರಿಸಿ ತೆಗೆದರು. ಕಿರಿದಾದ ಜಾಗದ ಹಿಂದೆ ಬಿಳಿಯ ಕೊಬ್ಬರಿ ಚೂರುಗಳು ಹಾಗೆಯೇ ಕೂತಿದ್ದುವೆಂದು ಆಮೇಲೆ ಸರ್ಜನ್ ಹೇಳಿದರು.

ಕೊಬ್ಬರಿಯಿಂದ ಕಾಯಿಲೆ ಬಂತೆಂದು ನಾನು ಹೇಳುತ್ತಿಲ್ಲ. ಸ್ಟ್ರಿಕ್ಚರ್ ಮೊದಲೇ ಇತ್ತು, ಒಂದು ದಿನ ಆಪರೇಷನ್ ಬೇಕಾಗುತ್ತಲೇ ಇತ್ತೋ ಏನೋ. ಆದರೆ ಸ್ಕ್ಯಾನಿನಲ್ಲಿ ಮೊದಲೇ ಕಂಡಿದ್ದರೆ ಮೈ ಸುಧಾರಿಸಿಕೊಂಡು, ದಿನ ಗೊತ್ತುಮಾಡಿ, ಸಣ್ಣ ರಂಧ್ರಗಳ ಮೂಲಕ ಮಾಡಿಸಿಕೊಂಡು, ಕರುಳನ್ನು ಅಲ್ಲೇ ಜೋಡಿಸಿಕೊಳ್ಳುವ ಅವಕಾಶವಿರುತ್ತಿತ್ತು. ತುರ್ತಿನಲ್ಲಿ ಹಾಗಾಗಲಿಲ್ಲ. ಉರಿಯೂತದಿಂದಲೂ, ಬೇಳೆ ಹಾಲು ಎರಡೂ ಇಲ್ಲದ ಊಟದಿಂದಲೂ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ತೀರಾ ಇಳಿದಿತ್ತು. ಅಂಥ ಮೈಯಲ್ಲಿ ಹೊಲಿದ ಕರುಳು ಸೋರುವ ಅಪಾಯ ಹೆಚ್ಚು. ಆದ್ದರಿಂದ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟಿದರು. ಅದನ್ನು ಮುಚ್ಚಲು ಮತ್ತೊಂದು ಆಪರೇಷನ್ ಆಯಿತು. ಬಿ12 ಹೀರಿಕೊಳ್ಳುವುದು ಸಣ್ಣಕರುಳಿನ ಕೊನೆಯ ಭಾಗವೇ ಆದ್ದರಿಂದ ಈಗ ಅದಕ್ಕೆ ಇಂಜೆಕ್ಷನ್. ಮೈ ಇಳಿದಿದ್ದಾಗ ನೆಂಟರೆಲ್ಲ ಚೆನ್ನಾಗಿ ಸಣ್ಣಗಾಗಿದ್ದೀಯ ಎಂದು ಹೊಗಳಿದ್ದರು ಎಂಬುದು ಬೇರೆ ಮಾತು.

ಈಗ ನಿಮ್ಮ ಪ್ರಶ್ನೆಗೆ. ಅನ್ನವನ್ನು ಬಿಡಲೇಬೇಕು ಎಂಬ ನಿಮ್ಮ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ. ಕ್ರೋನ್ಸ್‌ಗೆಂದೇ ರೂಪಿಸಿ, ಮಕ್ಕಳ ಮೇಲೆ ಪರೀಕ್ಷಿಸಿ, 2019ರಲ್ಲಿ ಇಸ್ರೇಲಿನ ಆರೀ ಲೆವಿನ್ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದ ಪಥ್ಯದಲ್ಲಿ ಗೋಧಿ, ಹಾಲು, ಕಾರ್ಖಾನೆಯ ತಿನಿಸುಗಳಿಗೆ ನಿಷೇಧವಿದೆ, ಆದರೆ ಬಿಳಿ ಅನ್ನ, ಆಲೂಗಡ್ಡೆ, ಬಾಳೆಹಣ್ಣುಗಳಿಗೆ ಮೊದಲ ಹಂತದಲ್ಲೇ ಜಾಗವಿದೆ. ಧಾನ್ಯಗಳನ್ನೆಲ್ಲ ಬಿಡಿಸುವ ಕಟ್ಟುನಿಟ್ಟಿನ ಎಸ್.ಸಿ.ಡಿ. (ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್) ಪಥ್ಯವನ್ನು ಧಾನ್ಯವಿರುವ ಮೆಡಿಟರೇನಿಯನ್ ಊಟದೊಂದಿಗೆ ಹೋಲಿಸಿ ಅಮೆರಿಕದಲ್ಲಿ 194 ಕ್ರೋನ್ಸ್ ರೋಗಿಗಳ ಮೇಲೆ ನಡೆಸಿದ ಪ್ರಯೋಗದ ವರದಿ 2021ರಲ್ಲಿ ಬಂತು. ಆರು ವಾರಗಳಲ್ಲಿ ಲಕ್ಷಣಗಳು ಶಮನವಾದದ್ದು ಎಸ್.ಸಿ.ಡಿ.ಯಲ್ಲಿ ಶೇ. 46.5, ಮೆಡಿಟರೇನಿಯನ್ ಊಟದಲ್ಲಿ ಶೇ. 43.5 ಮಂದಿಗೆ, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಷ್ಟು ಕಷ್ಟಪಟ್ಟು ಅನ್ನ ಬಿಟ್ಟವರಿಗೆ ಸಿಕ್ಕಿದ್ದು ಇಷ್ಟೇ ಆದರೆ ನಾನೇಕೆ ಬಿಡಲಿ?

ಮಾತ್ರೆ ಇಳಿಸುವ ಮಾತು ಬೇಡ. ಹೊಟ್ಟೆ ಸುಮ್ಮನಿರುವುದು ಬೇರೆ, ಕರುಳಿನ ಉರಿಯೂತ ಆರಿರುವುದು ಬೇರೆ; ಕರುಳಿನ ಉರಿಯೂತವನ್ನು ಅಳೆಯುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ, ಸ್ಕ್ಯಾನ್, ಕೊಲೊನೊಸ್ಕೋಪಿ ನೋಡಿ ವೈದ್ಯರು ಅದನ್ನು ತೀರ್ಮಾನಿಸಲಿ.

ಮನೆಯ ಊಟದೊಂದಿಗೆ ಹೊಂದಿಕೊಳ್ಳುವುದು ನೀವು ಹೆದರಿದಷ್ಟು ಕಷ್ಟವಲ್ಲ, ಏಕೆಂದರೆ ಬದಲಾಗಬೇಕಾದದ್ದು ಬಹಳಮಟ್ಟಿಗೆ ಪದಾರ್ಥದ ರೂಪ. ಸೋರೆಕಾಯಿ, ಸೀಮೆಬದನೆ, ಬೂದುಗುಂಬಳಗಳನ್ನು ಸಿಪ್ಪೆ ಬೀಜ ತೆಗೆದು ಕೈಯಲ್ಲಿ ಹಿಸುಕಿದರೆ ಕರಗುವಷ್ಟು ಬೇಯಿಸಿ. ತೆಂಗಿನ ತುರಿಯ ಬದಲು ರುಬ್ಬಿ ಬಟ್ಟೆಯಲ್ಲಿ ಹಿಂಡಿದ ಹಾಲು ಬಳಸಿ. ರಾಗಿಯನ್ನು ಕೂಸಿಗೆ ಮಣ್ಣಿ ಮಾಡುವಂತೆ ನೆನೆಸಿ ರುಬ್ಬಿ ಸೋಸಿದರೆ ಹೊಟ್ಟು ಬಟ್ಟೆಯಲ್ಲೇ ಉಳಿಯುತ್ತದೆ. ಹಾಲು ಒಗ್ಗದ ನನಗೆ ಚೆನ್ನಾಗಿ ಹುಳಿತ ಮಜ್ಜಿಗೆ ಒಗ್ಗುತ್ತದೆ. ನನ್ನ ಹೊಟ್ಟೆಯ ಮೇಲಿನ ಚೀಲವನ್ನು ನೋಡಿದ ಮೇಲೆ ನಮ್ಮಮ್ಮ ಹಿತ್ತಲಿನಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟು ಮೊಟ್ಟೆ ಬೇಯಿಸಿಕೊಳ್ಳಲು ಅಪ್ಪಣೆ ಕೊಟ್ಟರು. ನಿಮ್ಮ ಮನೆಯಲ್ಲಿ ಅದು ಸಾಧ್ಯವೋ ಇಲ್ಲವೋ ನೀವೇ ಬಲ್ಲಿರಿ, ಸಾಧ್ಯವಿಲ್ಲದಿದ್ದರೆ ಬೇಳೆಯನ್ನು ಪೂರ್ತಿ ಬಿಡಬೇಡಿ. ಹೆಸರುಬೇಳೆಯ ತಿಳಿಯಿಂದ ಶುರುಮಾಡಿ, ಒಗ್ಗಿದರೆ ನುಣ್ಣಗೆ ಬೆಂದ ತೊವ್ವೆಗೆ ಬನ್ನಿ, ಒಂದು ಹೊಸ ಪದಾರ್ಥ ಒಗ್ಗಿತೋ ಇಲ್ಲವೋ ಗೊತ್ತಾಗುವವರೆಗೆ ಇನ್ನೊಂದನ್ನು ತರಬೇಡಿ. ಅವರೆಕಾಯಿಯ ಕಾಲದಲ್ಲಿ ನಾನು ಹಿತಕಿದ ಬೇಳೆಯ ಸಾರನ್ನು ಸ್ವಲ್ಪ ಉಣ್ಣುತ್ತೇನೆ, ಸಿಪ್ಪೆ ಹೋಗಿರುತ್ತದಲ್ಲ. ಇಡೀ ಕಾಳಿನ ಸಾರಾದರೆ ರಸವನ್ನಷ್ಟೇ ಬಡಿಸಿಕೊಳ್ಳುತ್ತೇನೆ.