ವಾರಂಟಿ ಮುಗಿದ ಪಿಎಸ್4 ಅನ್ನು ಮನೆಯಲ್ಲೇ ಬಿಚ್ಚಿ ಸರಿ ಮಾಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಮನೆ ಸೋಮವಾರಪೇಟೆ ಕಡೆ, ತಮ್ಮನ ಹಳೇ ದಪ್ಪ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್, ಮೊದಲು ಬಂದ ದಪ್ಪ ಮಾಡೆಲ್), ವಾರಂಟಿ ಮುಗಿದು ವರ್ಷಗಳಾಗಿವೆ. ಆನ್ ಮಾಡಿದರೆ ಫ್ಯಾನ್ ಕಿರುಚುತ್ತದೆ, ಇಪ್ಪತ್ತು ನಿಮಿಷಕ್ಕೆ ತಾನಾಗಿಯೇ ಆಫ್ ಆಗುತ್ತದೆ, ಮಳೆಗಾಲದಲ್ಲಿ ಕೆಲವು ದಿನ ಆನ್ ಆಗುವುದೇ ಇಲ್ಲ. ಅಂಗಡಿಯವರು ಬೋರ್ಡ್, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್, ಹೋಗಿದೆ ಅಂದಿದ್ದಾರೆ. ಮನೆಯಲ್ಲಿ ಬಿಚ್ಚಬಹುದಾ ಅಂತ ಕೇಳಿದ್ದೀರಿ.

ಬಿಚ್ಚಬಹುದು. ನಾನು ಮೂರು ಸಲ ಬಿಚ್ಚಿದ್ದೇನೆ. ಎರಡನೇ ಸಲ ಹಾಳು ಮಾಡಿದ್ದೇನೆ, ಅದನ್ನೂ ಹೇಳುತ್ತೇನೆ.

ನಮ್ಮದು ಸುಂಟಿಕೊಪ್ಪ ಹತ್ತಿರ. 2016ರ ದೀಪಾವಳಿಗೆ ಮೈಸೂರಿನಿಂದ ತಂದ ಪಿಎಸ್4. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಗುಡ್ಡ ಜರಿದು, ರಸ್ತೆ ಹೋಗಿ, ಕರೆಂಟ್ ಇಲ್ಲದೆ ದಿನಗಟ್ಟಲೆ ಕೂತಿದ್ದೆವು, ಆಗ ಪಿಎಸ್4 ಯಾರಿಗೆ ನೆನಪಿರುತ್ತದೆ. ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಆನ್ ಮಾಡಿದರೆ ನೀಲಿ ಲೈಟ್ ಮಿಣಮಿಣ ಅಂದು ಆರಿಹೋಯಿತು. ಅಂಗಡಿಗೆ ಒಯ್ದರೆ ನಿಮಗೆ ಹೇಳಿದ ಮಾತೇ: ಬೋರ್ಡ್ ಹೋಗಿದೆ. ಅವರು ಕೇಳಿದ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಸೆಕೆಂಡ್ ಹ್ಯಾಂಡ್ ಒಂದು ಬರುತ್ತಿತ್ತು. ಅವರು ಅದನ್ನು ಬಿಚ್ಚಿಯೇ ಇರಲಿಲ್ಲ, ಹಿಂಬದಿಯ ಸ್ಟಿಕ್ಕರ್ ಹಾಗೇ ಇತ್ತು. ಆ ಸಿಟ್ಟಿಗೆ ಮನೆಗೆ ಬಂದು ನಾನೇ ಬಿಚ್ಚಿದೆ.

ಒಳಗೆ ಇದ್ದದ್ದು ಜಿರಳೆ. ಒಂದೆರಡಲ್ಲ, ಸಂಸಾರ. ಪವರ್ ಸಪ್ಲೈ ಬೆಚ್ಚಗಿರುತ್ತದೆ, ಅದರ ಡಬ್ಬಕ್ಕೆ ಸೀಳುಗಳಿವೆ, ಹೊರಗೆ ಜಡಿಮಳೆ. ಜಿರಳೆಗೆ ಇನ್ನೇನು ಬೇಕು? ಅದರ ಹಿಕ್ಕೆ, ಧೂಳು, ಥಂಡಿ ಎಲ್ಲ ಸೇರಿ ಪಿನ್‌ಗಳ ಮೇಲೆ ಹಸಿರು ಪಾಚಿ ತರಹ ಕೂತಿತ್ತು. ಬೋರ್ಡ್‌ಗೆ ಏನೂ ಆಗಿರಲಿಲ್ಲ. ಅದಾದ ಮೇಲೆ ನೆಂಟರಿಷ್ಟರದ್ದು ಅಂತ ಐದಾರು ಕನ್ಸೋಲ್ ನೋಡಿದ್ದೇನೆ, ನಮ್ಮ ಕಡೆ ಬೋರ್ಡ್ ಸಾಯುವುದು ಕಡಿಮೆ. ಥಂಡಿ, ಧೂಳು, ಜಿರಳೆ, ಆಮೇಲೆ ಹೋಗಿ ಬಂದು ಹೋಗುವ ಕರೆಂಟ್, ಇವೇ ಜಾಸ್ತಿ.

ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಲೈಟ್ ನೋಡಿ. ಆಫ್ ಆಗುವಾಗ ಕೆಂಪು ಲೈಟ್ ಬಂತಾ, ಅಥವಾ ತುಂಬಾ ಬಿಸಿಯಾಗಿದೆ ಅನ್ನುವ ಸಂದೇಶ ಪರದೆಯಲ್ಲಿ ಬಂತಾ? ಹಾಗಿದ್ದರೆ ಬಿಸಿಯದ್ದೇ ತೊಂದರೆ, ಮನೆಯಲ್ಲಿ ಸರಿಹೋಗುವಂಥದ್ದು. ಬಿಳಿ ಲೈಟ್ ನಿಂತಿದೆ, ಫ್ಯಾನ್ ತಿರುಗುತ್ತಿದೆ, ಟಿವಿಯಲ್ಲಿ ಮಾತ್ರ ಚಿತ್ರ ಇಲ್ಲ ಅಂದರೆ ಎಚ್‌ಡಿಎಂಐ ಕಡೆ, ಅಂದರೆ ಟಿವಿಗೆ ಚಿತ್ರ ಒಯ್ಯುವ ಕೇಬಲ್ ಮತ್ತು ಅದನ್ನು ಸಿಕ್ಕಿಸುವ ಪೋರ್ಟ್ ಕಡೆ, ನೋಡಬೇಕು. ನೀಲಿ ಲೈಟ್ ಮಿಣುಕಿ ಬಿಳಿಗೆ ಹೋಗದೆ ಆರಿದರೆ ಹಾರ್ಡ್ ಡಿಸ್ಕ್ ಇರಬಹುದು, ಪವರ್ ಸಪ್ಲೈ ಇರಬಹುದು, ನಿಜವಾಗಿಯೂ ಬೋರ್ಡೇ ಇರಬಹುದು. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಹಾರ್ಡ್ ಡಿಸ್ಕ್ ತೆಗೆದು ಆನ್ ಮಾಡಿ. ಪರದೆಯಲ್ಲಿ ಡಿಸ್ಕ್ ಸಿಗುತ್ತಿಲ್ಲ ಅನ್ನುವ ಅರ್ಥದ ಬರಹ ಏನಾದರೂ ಮೂಡಿದರೆ ಬೋರ್ಡ್ ಬದುಕಿದೆ. ಏನೂ ಗೊತ್ತಾಗದಿದ್ದರೆ ಪೂರ್ತಿ ಬಿಚ್ಚುವ ಮುಂಚೆ ಒಮ್ಮೆ ಚೆನ್ನಾಗಿ ಒಣಗಿಸಿ ನೋಡಿ.

ಒಣಗಿಸುವುದು ಅಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಯೂಟ್ಯೂಬ್‌ನಲ್ಲಿ ಹೇಳುವವರಿಗೆ ನಮ್ಮ ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆ ಗೊತ್ತಿಲ್ಲ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಎಂಟು ದಿನದಲ್ಲಿ ಬೂಷ್ಟು ಬರುವ ಊರು ಇದು. ನಮ್ಮ ಅಜ್ಜಿ ಒಲೆಯ ಮೇಲಿನ ಅಟ್ಟದಲ್ಲಿ ಇಡು, ಬಟ್ಟೆ ಒಣಗುವ ಹಾಗೆ ಒಣಗುತ್ತದೆ ಅಂದರು. ಒಣಗುತ್ತದೆ, ಆದರೆ ಮಸಿಯೂ ಒಳಗೆ ಹೋಗುತ್ತದೆ. ಅಕ್ಕಿ ಡಬ್ಬದಲ್ಲಿ ಹುಗಿಯುವುದು ದಂಡ, ಅಕ್ಕಿಯ ಹುಡಿ ಸೀಳುಗಳಲ್ಲಿ ಕೂರುತ್ತದೆ. ನನಗೆ ಕೈ ಹಿಡಿದದ್ದು ನಮ್ಮ ಮನೆಗಳ ಹಳೇ ಉಪಾಯವೇ: ಬಟ್ಟೆ ಬೀರುವಿನಲ್ಲಿ ಬೂಷ್ಟು ಬರಬಾರದು ಅಂತ ಬಲ್ಬ್ ಉರಿಸಿಡುತ್ತಾರಲ್ಲ, ಆ ಬೀರು. 40 ವ್ಯಾಟಿನ ಹಳೇ ಕಾಲದ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ಅಷ್ಟು ಬಿಸಿ ಕೊಡುವುದಿಲ್ಲ. ಬಲ್ಬಿಗೆ ತಾಗದ ಹಾಗೆ, ಬಟ್ಟೆಯನ್ನೆಲ್ಲ ಹೊರಗೆ ತೆಗೆದು, ಮೂರು ನಾಲ್ಕು ದಿನ ಬಿಡಿ. ನೀವು ಹೇಳಿದ ಮಳೆಗಾಲದ ತೊಂದರೆ ಅರ್ಧ ಇದರಲ್ಲೇ ಹೋಗಬಹುದು.

ಈಗ ಫ್ಯಾನಿನ ಕಿರುಚಾಟ. ಇದಕ್ಕೆ ಬಿಚ್ಚಲೇಬೇಕು.

ಬೇಕಾದ ಸಾಮಾನು: ಟಿ8 ಸೆಕ್ಯೂರಿಟಿ ಬಿಟ್, ಪ್ಲಸ್ ತಲೆಯ ಸಣ್ಣ ಸ್ಕ್ರೂಡ್ರೈವರ್, ಹಳೇ ಟೂತ್‌ಬ್ರಷ್, ಒಂದು ಪೇಂಟ್ ಬ್ರಷ್, ಐಪಿಎ ಲಿಕ್ವಿಡ್ (ಐಸೊಪ್ರೊಪೈಲ್ ಆಲ್ಕೋಹಾಲ್), ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಲೋಹಕ್ಕೆ ದಾಟಿಸುವ ಪೇಸ್ಟ್). ಟಿ8 ಅಂದರೆ ಆರು ಮೂಲೆಯ ನಕ್ಷತ್ರ. ಆದರೆ ಪಿಎಸ್4ರ ಸ್ಕ್ರೂ ನಡುವೆ ಒಂದು ಸಣ್ಣ ಮೊಳೆ ಇರುತ್ತದೆ, ಬಿಟ್‌ನ ತುದಿಯಲ್ಲಿ ತೂತು ಇರದಿದ್ದರೆ ಒಳಗೆ ಹೋಗುವುದಿಲ್ಲ. ನಾನು ಮೊದಲು ತೂತಿಲ್ಲದ್ದು ತಂದು ಮತ್ತೆ ಕುಶಾಲನಗರಕ್ಕೆ ಹೋದೆ. ಐಪಿಎ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅದರ ಬದಲು ಥಿನ್ನರ್ ಹಾಕಬೇಡಿ, ಪ್ಲಾಸ್ಟಿಕ್ ತಿನ್ನುತ್ತದೆ.

ಪ್ಲಗ್ ಕಿತ್ತು ಒಂದು ರಾತ್ರಿ ಬಿಡಿ. ಹಿಂಬದಿಯ ಸ್ಟಿಕ್ಕರ್ ಕೀಳಿ, ವಾರಂಟಿ ಹೇಗೂ ಇಲ್ಲ. ಸ್ಕ್ರೂ ತೆಗೆದು ತಳದ ಮುಚ್ಚಳ ಎತ್ತಿದರೆ ಮೊದಲು ಕಾಣುವ ಕಪ್ಪು ಡಬ್ಬವೇ ಪವರ್ ಸಪ್ಲೈ. ಅದರ ಸ್ಕ್ರೂ ಬಿಚ್ಚಿ ನೇರವಾಗಿ ಮೇಲಕ್ಕೆ ಎತ್ತಬೇಕು. ಓರೆಯಾಗಿ ಎಳೆದರೆ ಬೋರ್ಡಿನ ಪಿನ್ ಬಾಗುತ್ತದೆ. ಪಕ್ಕದಲ್ಲಿ ಸಣ್ಣ ವೈರ್ ಒಂದು ಸಿಕ್ಕಿಸಿರುತ್ತದೆ, ಅದನ್ನು ಮರೆಯಬೇಡಿ. ಕೆಳಗೆ ಫ್ಯಾನ್ ಮತ್ತು ಹೀಟ್ ಸಿಂಕ್ (ಚಿಪ್‌ನ ಬಿಸಿ ಹೀರುವ ಲೋಹದ ತುಂಡು) ಕಾಣುತ್ತದೆ. ಹೀಟ್ ಸಿಂಕ್‌ನ ಹಲ್ಲುಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ, ನನ್ನದರಲ್ಲಿ ಬೆರಳಿನಲ್ಲಿ ಸುಲಿದು ತೆಗೆಯುವಷ್ಟಿತ್ತು. ಫ್ಯಾನ್ ಗಾಳಿ ಆ ಹಲ್ಲುಗಳನ್ನು ಹಾದು, ಪವರ್ ಸಪ್ಲೈ ಒಳಗಿಂದಲೇ ಹಿಂದೆ ಹೊರಗೆ ಹೋಗಬೇಕು. ಅಲ್ಲಿ ಕಟ್ಟಿಕೊಂಡರೆ ಫ್ಯಾನ್ ಎಷ್ಟು ಜೋರಾಗಿ ತಿರುಗಿ ಏನು ಪ್ರಯೋಜನ ಹೇಳಿ.

ಪವರ್ ಸಪ್ಲೈ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ನಮ್ಮ 230 ವೋಲ್ಟ್ ಅದರೊಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದಿರಬಹುದು. ಹೊರಗಿಂದ ಬ್ರಷ್ ಆಡಿಸಿ, ತಟ್ಟಿ ಕೊಡವಿ, ಸಾಕು. ಅದೇ ಸತ್ತಿದ್ದರೆ ಇಡೀ ಡಬ್ಬ ಬದಲಾಯಿಸಿ. ಆದರೆ ದಪ್ಪ ಪಿಎಸ್4ರಲ್ಲೇ 1000, 1100, 1200 ಅಂತ ಮಾಡೆಲ್‌ಗಳಿವೆ, ಕೆಲವಕ್ಕೆ ನಾಲ್ಕು ಪಿನ್, ಕೆಲವಕ್ಕೆ ಐದು. ಹಳೇ ಡಬ್ಬದ ಲೇಬಲ್ ಫೋಟೋ ತೆಗೆದುಕೊಂಡು, ಅದೇ ನಂಬರಿನದ್ದನ್ನು ಆರ್ಡರ್ ಮಾಡಿ.

ನಾನು ಹಾಳು ಮಾಡಿದ ಕತೆ ಇಲ್ಲಿ ಬರುತ್ತದೆ. ಮುಂದಿನ ವರ್ಷ ಮತ್ತೆ ಧೂಳು ತೆಗೆಯಲು ಬಿಚ್ಚಿದಾಗ ಬ್ರಷ್ ಹಿಡಿಯಲು ಸೋಮಾರಿತನ. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿದೆ. ಫ್ಯಾನ್ ವಿಮಾನದ ಹಾಗೆ ಸುಯ್ಯೆಂದು ತಿರುಗಿತು, ಅಲ್ಲಿದ್ದ ಹುಡುಗರಿಗೆಲ್ಲ ಭಾರೀ ಖುಷಿ. ಮನೆಗೆ ಬಂದು ಹಾಕಿದರೆ ಫ್ಯಾನ್‌ನಿಂದ ಕರಕರ ಶಬ್ದ, ಬೇರಿಂಗ್ ಹೋಗಿತ್ತು. ಸಾಲದ್ದಕ್ಕೆ ಆ ಗಾಳಿ ಟ್ಯಾಂಕಿನಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ, ಬೋರ್ಡ್ ಮೇಲೆ ಹನಿ ಹನಿ ಕೂತಿತ್ತು. ಹೊಸ ಫ್ಯಾನ್ ಬರಲು ಎರಡು ವಾರ. ಗಾಳಿ ಊದಲೇಬೇಕಿದ್ದರೆ ಫ್ಯಾನ್‌ನ ರೆಕ್ಕೆಗೆ ಒಂದು ಕಡ್ಡಿ ಸಿಕ್ಕಿಸಿ, ತಿರುಗದ ಹಾಗೆ ಹಿಡಿದು, ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್‌ನಲ್ಲಿ ಊದಿ. ತೋಟದಲ್ಲಿ ತರಗೆಲೆ ಊದುವ ಮೆಷಿನ್ ಇದೆಯಲ್ಲ ಅಂತ ಒಬ್ಬರು ಕೇಳಿದ್ದರು. ದಯವಿಟ್ಟು ಬೇಡ.

ಧೂಳು ತೆಗೆದ ಮೇಲೆ ಜೋಡಿಸಿ ಒಂದು ದಿನ ಆಡಿ ನೋಡಿ. ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತದೆ. ಆಮೇಲೂ ಬಿಸಿಯಾಗಿ ಆಫ್ ಆದರೆ ಮಾತ್ರ ಪೇಸ್ಟ್ ಬದಲಾಯಿಸುವ ಕೆಲಸಕ್ಕೆ ಕೈ ಹಾಕಿ, ಯಾಕಂದರೆ ಅದಕ್ಕೆ ಡಿಸ್ಕ್ ಡ್ರೈವ್ ತೆಗೆದು, ಬೋರ್ಡ್ ಪೂರ್ತಿ ಹೊರಗೆ ಬರಬೇಕು, ತೆಳು ರಿಬ್ಬನ್ ಕೇಬಲ್‌ಗಳಿವೆ, ಅವಸರ ಮಾಡಿದರೆ ಹರಿಯುತ್ತವೆ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ಒಂದೇ ಬಟ್ಟಲಿಗೆ ಸುರಿಯಬೇಡಿ, ಉದ್ದ ಬೇರೆ ಬೇರೆ ಇವೆ. ಚಿಪ್ ಮೇಲಿನ ಹಳೇ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಆಗಿರುತ್ತದೆ, ಐಪಿಎ ಹಾಕಿದ ಬಟ್ಟೆಯಲ್ಲಿ ಒರೆಸಿ. ಹೊಸದು ಎರಡು ಕರಿಮೆಣಸಿನ ಕಾಳಿನಷ್ಟು ಹಾಕಿ ತೆಳುವಾಗಿ ಹರಡಿದರೆ ಸಾಕು, ದೋಸೆಗೆ ಬೆಣ್ಣೆ ಸವರುವ ಹಾಗೆ ಬೇಡ. ಸುತ್ತಲಿನ ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆ ಪ್ಯಾಡ್‌ಗಳನ್ನು ಹರಿಯದೆ ಅಲ್ಲೇ ಬಿಡಿ. ಡಿಸ್ಕ್ ಡ್ರೈವ್ ಯಾವತ್ತಾದರೂ ಬದಲಾಯಿಸುವುದಾದರೆ ಅದರಲ್ಲಿ ಸಣ್ಣ ಬೋರ್ಡ್ ಇದ್ದರೆ ಅದು ಮಾತ್ರ ಹಳೆಯದೇ ಇರಬೇಕು, ಅದು ಮೇನ್ ಬೋರ್ಡ್ ಜೊತೆ ಜೋಡಿ. ಬೇರೆ ಹಾಕಿದರೆ ಡಿಸ್ಕ್ ಓದುವುದಿಲ್ಲ.

ಹಾರ್ಡ್ ಡಿಸ್ಕ್ ಹೋಗಿದ್ದರೆ ಅದು ಎಲ್ಲಕ್ಕಿಂತ ಸುಲಭ, ಕಂಪನಿಯೇ ಬದಲಾಯಿಸಲು ಬಿಟ್ಟಿದೆ. ಲ್ಯಾಪ್‌ಟಾಪಿಗೆ ಹಾಕುವ 2.5 ಇಂಚಿನ ಸಾಟಾ ಡಿಸ್ಕ್, ದಪ್ಪ 9.5 ಮಿ.ಮೀ. ಮೀರಬಾರದು. ಎಸ್‌ಎಸ್‌ಡಿ ಹಾಕಿದರೆ ಇನ್ನೂ ಒಳ್ಳೆಯದು. ಸಾಫ್ಟ್‌ವೇರ್ ಹಾಕುವಾಗ ಎಲ್ಲರೂ ಎಡವುವುದು ಎರಡು ಕಡೆ. ಒಂದು, ಸೋನಿ ಸೈಟಿನಲ್ಲಿ ಎರಡು ಫೈಲ್ ಇವೆ: ಬರೀ ಅಪ್‌ಡೇಟಿನದ್ದು ಸಣ್ಣದು, ಹೊಸ ಡಿಸ್ಕಿಗೆ ಬೇಕಾದ ರೀಇನ್‌ಸ್ಟಾಲ್ ಫೈಲ್ ಅದಕ್ಕಿಂತ ದೊಡ್ಡದು. ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ನಲ್ಲಿ ಪಿಎಸ್4 ಅನ್ನುವ ಫೋಲ್ಡರ್, ಅದರೊಳಗೆ ಅಪ್‌ಡೇಟ್ ಅನ್ನುವ ಫೋಲ್ಡರ್, ಎರಡೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ (PS4, UPDATE) ಮಾಡಿ ಅದರೊಳಗೆ ಫೈಲ್ ಹಾಕಬೇಕು. ಎರಡು, ಕನ್ಸೋಲ್ ಆಫ್ ಇದ್ದಾಗ ಪವರ್ ಬಟನ್ ಒತ್ತಿ ಹಿಡಿದರೆ ಸುಮಾರು ಏಳು ಸೆಕೆಂಡಿಗೆ ಎರಡನೇ ಬೀಪ್ ಬಂದು ಸೇಫ್ ಮೋಡ್ ತೆರೆಯುತ್ತದೆ, ಅಲ್ಲಿ ಕಂಟ್ರೋಲರ್ ಕೇಬಲ್‌ನಲ್ಲೇ ಜೋಡಿಸಿರಬೇಕು, ಅದೂ ಡೇಟಾ ಹೋಗುವ ಕೇಬಲ್. ಬರೀ ಚಾರ್ಜಿಂಗ್ ಕೇಬಲ್ ಹಾಕಿ ನಾನು ಒಂದಿಡೀ ರಾತ್ರಿ ಕಂಟ್ರೋಲರ್ ಕೆಟ್ಟಿದೆ ಅಂದುಕೊಂಡಿದ್ದೆ.

ಎಚ್‌ಡಿಎಂಐ ಪೋರ್ಟ್ ಮುರಿದಿದ್ದರೆ ಮನೆಯಲ್ಲಿ ಬೇಡ. 19 ಪಿನ್, ಕೂದಲೆಳೆಯಷ್ಟು ಹತ್ತಿರ ಹತ್ತಿರ. ಹಾಟ್ ಏರ್ ಇರುವ ಒಳ್ಳೆ ಮೊಬೈಲ್ ಅಂಗಡಿಯವರಿಗೆ ಇದು ದೊಡ್ಡ ಕೆಲಸವೇ ಅಲ್ಲ, ಬೋರ್ಡ್ ಮಾತ್ರ ಬಿಚ್ಚಿ ಒಯ್ದರೆ ಕಡಿಮೆಗೂ ಆಗುತ್ತದೆ. ಹೀಟ್ ಗನ್‌ನಲ್ಲಿ, ಓವನ್‌ನಲ್ಲಿ ಬೋರ್ಡ್ ಬೇಯಿಸುವ ವಿಡಿಯೋಗಳನ್ನು ನಂಬಬೇಡಿ. ಎಕ್ಸ್‌ಬಾಕ್ಸ್ 360ಕ್ಕೆ ಕೆಟ್ಟಿದೆ ಅಂತ ತೋರಿಸುವ ಕೆಂಪು ಲೈಟಿನ ಉಂಗುರ ಬಂದಾಗ ಜನ ಟವೆಲ್ ಸುತ್ತಿ ಬಿಸಿ ಮಾಡುತ್ತಿದ್ದರು. ಎದ್ದದ್ದು ಕೆಲವು ದಿನಕ್ಕೆ ಮತ್ತೆ ಮಲಗುತ್ತಿತ್ತು. ಕೊನೆಗೆ 2007ರಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನೇ ಮೂರು ವರ್ಷಕ್ಕೆ ಏರಿಸಬೇಕಾಯಿತು. ಇನ್ನು ಪಿಎಸ್5 ಇರುವವರು ಇದನ್ನು ಓದಿ ಹೀಟ್ ಸಿಂಕ್ ಬಿಚ್ಚಲು ಹೋಗಬೇಡಿ. ಅದರಲ್ಲಿ ಪೇಸ್ಟ್ ಅಲ್ಲ, ದ್ರವ ಲೋಹ. ಒಂದು ಹನಿ ತಪ್ಪಿದರೂ ಶಾರ್ಟ್.

ಸರಿಯಾದ ಮೇಲೆ ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಗಾಜಿನ ಶೋಕೇಸ್ ಒಳಗೆ ಬೇಡ, ಧೂಳಾಗುತ್ತದೆ ಅಂತ ಪ್ಲಾಸ್ಟಿಕ್ ಕವರ್ ಹೊದಿಸುವುದೂ ಬೇಡ, ಥಂಡಿ ಒಳಗೇ ಕೂರುತ್ತದೆ. ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಅರ್ಧ ಗಂಟೆ ಆನ್ ಮಾಡಿ, ತಮ್ಮನಿಗೆ ಆಡಲು ಒಂದು ನೆಪವೂ ಆಯಿತು. ರೆಸ್ಟ್ ಮೋಡ್‌ನಲ್ಲಿ (ಪೂರ್ತಿ ಆಫ್ ಆಗದೆ ಮಲಗಿರುವ ಸ್ಥಿತಿ) ಬಿಡಬೇಡಿ, ಕರೆಂಟ್ ಹೋದರೆ ಡಿಸ್ಕಿಗೆ ಪೆಟ್ಟು. ಏಪ್ರಿಲ್-ಮೇ ಗುಡುಗಿಗೆ ಪ್ಲಗ್ ಮಾತ್ರ ಅಲ್ಲ, ಎಚ್‌ಡಿಎಂಐ ಕೇಬಲ್ಲನ್ನೂ ಕೀಳಿ. ಡಿಶ್ ವೈರಿಗೆ ಬಂದ ಸಿಡಿಲು ಟಿವಿ ಮೂಲಕ ಕನ್ಸೋಲ್‌ನ ಎಚ್‌ಡಿಎಂಐ ಐಸಿಯನ್ನು ಸುಟ್ಟದ್ದನ್ನು ನಮ್ಮ ಚಿಕ್ಕಪ್ಪನ ಮನೆಯಲ್ಲೇ ನೋಡಿದ್ದೇನೆ.

ನಿಮ್ಮದು ಆಫ್ ಆಗುವಾಗ ಲೈಟ್ ಯಾವ ಬಣ್ಣ ಅಂತ ನೀವು ಬರೆದಿಲ್ಲ. ಇವತ್ತು ರಾತ್ರಿ ಆನ್ ಮಾಡಿ, ಆರುವ ಹೊತ್ತಿಗೆ ಅದರ ಮುಂದೆಯೇ ಕೂತು ನೋಡಿ, ಹಿಂಬದಿಯ ಮಾಡೆಲ್ ನಂಬರನ್ನೂ ಸೇರಿಸಿ ಇಲ್ಲೇ ಕೆಳಗೆ ಹಾಕಿ. ಟಿ8 ಬಿಟ್ ತರುವುದು ಆಮೇಲೆ.