ವಾಂತಿಯಿಂದ ಹೋಗದ ಉಪವಾಸ ನೀರಿನಿಂದ ಹೋಯಿತು

ಕುರ್ಲಾದ ಓದುಗರೊಬ್ಬರ ಪತ್ರದ ಸಾರ ಇಷ್ಟು. ರಮಝಾನಿನ ಒಂದು ಸಂಜೆ ಠಾಣೆ ಲೋಕಲ್‌ನ ನೂಕುನುಗ್ಗಲಲ್ಲಿ ಹೊಟ್ಟೆ ತೊಳಸಿ, ಘಾಟ್ಕೋಪರದಲ್ಲಿ ಇಳಿಯುತ್ತಿದ್ದಂತೆ ವಾಂತಿಯಾಯಿತು. ಜೊತೆಗಿದ್ದ ಕಲಬುರಗಿಯ ಗೆಳೆಯ "ರೋಝಾ ಹೋಯ್ತು, ನೀರು ಕುಡಿ" ಎಂದ, ಇವರು ಕುಡಿದರು. ಕೋಣೆಗೆ ಬಂದರೆ ಇನ್ನೊಬ್ಬರು "ವಾಂತಿಯಿಂದ ರೋಝಾ ಹೋಗಲ್ಲ" ಎಂದರು. ಈಗ ಒಂದು ದಿನದ ಖಝಾ (ಹೋದ ಉಪವಾಸವನ್ನು ಬೇರೆ ದಿನ ತೀರಿಸುವುದು) ಸಾಕೇ, ಅರವತ್ತು ದಿನದ ಕಫ್ಫಾರವೇ (ಪ್ರಾಯಶ್ಚಿತ್ತ)? ವುಝೂ (ನಮಾಝಿಗೆ ಮುನ್ನ ಕೈ, ಬಾಯಿ, ಮುಖ ತೊಳೆಯುವ ಶುದ್ಧಿ) ಮಾಡುವಾಗ ಗಂಟಲಿಗಿಳಿಯುವ ನೀರು, ವಸಡಿನ ರಕ್ತ, ನಿದ್ದೆಯಲ್ಲಾಗುವ ಸ್ಖಲನದ ಬಗ್ಗೆಯೂ ಕೇಳಿದ್ದಾರೆ. ಇವರು ಶಾಫಿಈ, ಗೆಳೆಯ ಹನಫಿ; ಎರಡೂ ಇಸ್ಲಾಮೀ ಧರ್ಮಶಾಸ್ತ್ರದ ಮದ್‌ಹಬ್‌ಗಳು, ಅಂದರೆ ಪಂಥಗಳು.

ಒಂದು ದಿನದ ಖಝಾ ಸಾಕು. ಆದರೆ ಅದು ವಾಂತಿಗಲ್ಲ, ಕುಡಿದ ನೀರಿಗೆ. ತಾನಾಗಿ ವಾಂತಿ ಬಂದವನಿಗೆ ಖಝಾ ಇಲ್ಲ, ಬೇಕೆಂದೇ ವಾಂತಿ ಮಾಡಿಕೊಂಡವನಿಗೆ ಇದೆ ಎಂಬ ಹದೀಸ್ (ಪ್ರವಾದಿವಚನ) ಅಬೂದಾವೂದ್, ತಿರ್ಮಿದಿ ಎರಡೂ ಸಂಗ್ರಹಗಳಲ್ಲಿ ಇದೆ. ಬಾಯಿ ತುಂಬ ಬಂದರೂ ಅಷ್ಟೇ. ಗೆಳೆಯನ ಮಾತು ಅವನ ಹನಫಿ ಮದ್‌ಹಬಿಗೂ ಹೊಂದುವುದಿಲ್ಲ. ಕಫ್ಫಾರದ ಚಿಂತೆ ಬಿಡಿ: ಶಾಫಿಈಯಲ್ಲಿ ಅದು ರಮಝಾನಿನ ಹಗಲು ದಾಂಪತ್ಯ ಸಂಪರ್ಕಕ್ಕೆ ಮಾತ್ರ. ಹನಫಿಯಲ್ಲಿ ಬೇಕೆಂದೇ ತಿಂದುಕುಡಿದರೂ ಬರುತ್ತದೆ, ಆದರೆ ವಾಂತಿಯಿಂದ ಮುರಿಯಿತೆಂದು ತಪ್ಪು ತಿಳಿದು ತಿಂದವನಿಗೆ ಅಲ್ಲಿಯೂ ಖಝಾ ಮಾತ್ರ. ವಿಷಯ ತಿಳಿದ ಮೇಲೆ ಅಂದು ಮಗ್ರಿಬ್‌ವರೆಗೆ (ಸೂರ್ಯಾಸ್ತದವರೆಗೆ) ಮತ್ತೇನೂ ಸೇವಿಸದೆ ಇರಬೇಕಿತ್ತು.

ಎಡವುವುದು ವಾಂತಿಯಾದ ಮರುಗಳಿಗೆಯಲ್ಲಿ. ಬಾಯಿಗೆ ಬಂದದ್ದನ್ನು ಜನರ ಮುಂದೆ ಉಗುಳಲು ನಾಚಿ ನುಂಗಿದರೆ ಉಪವಾಸ ಹೋಯಿತು. ತಾನಾಗಿ ಒಳಗೆ ಜಾರಿದರೆ ಹೋಗದು. ಶಾಫಿಈಯವರು ಇನ್ನೂ ಒಂದು ಗಮನಿಸಬೇಕು: ವಾಂತಿ ನಜೀಸ್ (ಧಾರ್ಮಿಕವಾಗಿ ಅಶುದ್ಧ), ಅದು ತಾಗಿದ ಬಾಯಿಯೂ ನಜೀಸ್. ತೊಳೆಯುವ ಮೊದಲು ಉಗುಳು ನುಂಗಬಾರದು, ನುಂಗಿದರೆ ಮುರಿಯುತ್ತದೆ. ಆದ್ದರಿಂದ ಮೊದಲು ಚೆನ್ನಾಗಿ ಉಗುಳಿ, ಬಳಿಕ ಒಸಡು, ನಾಲಿಗೆಯ ಬುಡ ಎಲ್ಲ ತಾಗುವಂತೆ ಬಾಯಿ ಮುಕ್ಕಳಿಸಿ. ಹೀಗೆ ನಜೀಸ್ ತೊಳೆಯುವಾಗ ನೀರು ಅರಿವಿಲ್ಲದೆ ಒಳಗೆ ಹೋದರೆ, ಜೋರಾಗಿ ಮುಕ್ಕಳಿಸಿದ್ದರೂ ಬಾಧಕವಿಲ್ಲ, ತೊಳೆಯುವುದು ಕಡ್ಡಾಯವಾಗಿತ್ತಲ್ಲ. ಇನ್ನು ಗಂಟಲಿಗೆ ಬೆರಳು ಹಾಕಿ ಕಕ್ಕಿದರೆ, ಶಾಫಿಈಯಲ್ಲಿ ಎಷ್ಟೇ ಕಡಿಮೆ ಬರಲಿ ಉಪವಾಸ ಹೋಗುತ್ತದೆ. ಹನಫಿಯಲ್ಲಿ ಬಾಯಿ ತುಂಬ ಬಂದರೆ ಮಾತ್ರ.

ವುಝೂವಿನ ನೀರಿನಲ್ಲಿ ಇಬ್ಬರ ದಾರಿ ಬೇರೆ. ಮುಂಬಯಿಯ ಒಂದೇ ಮಸೀದಿಯ ನಲ್ಲಿಗಳ ಸಾಲಿನಲ್ಲಿ ಮಂಗಳೂರಿನ ಬ್ಯಾರಿ, ಕೊಂಕಣಿ ಶಾಫಿಈಗಳೂ ಕಲಬುರಗಿ, ವಿಜಯಪುರದ ಹನಫಿಗಳೂ ಕೂರುತ್ತಾರೆ. ಉಪವಾಸದ ನೆನಪಿದ್ದೂ ಬಾಯಿ ಮುಕ್ಕಳಿಸುವಾಗ ನೀರು ಜಾರಿದರೆ ಹನಫಿಗೆ ಉಪವಾಸ ಮುರಿಯಿತು, ಖಝಾ ಉಂಟು. ಶಾಫಿಈಗೆ, ಅತಿಯಾಗಿ ಮುಕ್ಕಳಿಸದೆ, ಮೂರರೊಳಗಿನ ಸಲದಲ್ಲಿ ಜಾರಿದ್ದರೆ ಮುರಿಯದು. ನಾಲ್ಕನೆಯ ಸಲ, ಅಥವಾ ಸೆಕೆಗೆ ಬಾಯಿ ತಂಪಾಗಲೆಂದು ಮುಕ್ಕಳಿಸುವಾಗ ಜಾರಿದರೆ ಮುರಿಯುತ್ತದೆ. ಅರ್ಧ ಬೊಗಸೆ ನೀರು ತೆಗೆದುಕೊಂಡು, ತಲೆ ಹಿಂದಕ್ಕೆ ಎತ್ತದೆ ಮುಂದಕ್ಕೆ ಬಾಗಿಸಿಕೊಂಡರೆ ಈ ತಕರಾರೇ ಹುಟ್ಟುವುದಿಲ್ಲ. ಮೂಗಿಗೆ ನೀರು ಎಳೆಯುವುದರಲ್ಲೂ ಉಪವಾಸಿಗ ಅತಿ ಮಾಡಬಾರದೆಂದು ಪ್ರವಾದಿಯವರೇ(ಸ) ಹೇಳಿದ್ದಾರೆ.

ವಸಡಿನ ರಕ್ತವನ್ನು ಉಗುಳು ಬಿಳಿಯಾಗುವವರೆಗೆ ಉಗುಳಿ, ಬಾಯಿ ತೊಳೆಯಿರಿ. ದಿನವಿಡೀ ರಕ್ತ ಜಿನುಗುವ ರೋಗವಿದ್ದು ತಪ್ಪಿಸಿಕೊಳ್ಳಲಾಗದವರಿಗೆ ಶಾಫಿಈ ವಿದ್ವಾಂಸರು ವಿನಾಯಿತಿ ಕೊಟ್ಟಿದ್ದಾರೆ. ಹನಫಿಯಲ್ಲಿ ಲೆಕ್ಕ ಬೇರೆ: ನುಂಗಿದ ರಕ್ತ ಉಗುಳಿಗೆ ಸಮ ಅಥವಾ ಹೆಚ್ಚಿದ್ದರೆ, ಇಲ್ಲವೇ ಅದರ ರುಚಿ ಗಂಟಲಿಗೆ ತಿಳಿದರೆ ಮುರಿಯುತ್ತದೆ. ಕಫ ಬಾಯಿಗೆ ಬಂದು, ಉಗುಳಲು ಸಾಧ್ಯವಿದ್ದೂ ನುಂಗಿದರೆ ಶಾಫಿಈಯಲ್ಲಿ ಉಪವಾಸ ಹೋಗುತ್ತದೆ, ಹನಫಿಯಲ್ಲಿ ಇಲ್ಲ. ಬೇಕರಿಯ ಹಿಟ್ಟಿನ ಪುಡಿ, ರಸ್ತೆಯ ಧೂಳು, ಹಾರಿ ಬಂದ ನೊಣ ತಾನಾಗಿ ಗಂಟಲಿಗೆ ಹೋದರೆ ಯಾರಿಗೂ ತೊಂದರೆಯಿಲ್ಲ. ಮಳೆಹನಿ ಮಾತ್ರ ಹಾಗಲ್ಲ, ಬಾಯಿ ಮುಚ್ಚಿಕೊಂಡು ತಪ್ಪಿಸಬಹುದಿತ್ತು ಎಂದು ಹನಫಿ ವಿದ್ವಾಂಸರು ಖಝಾ ಹೇಳುತ್ತಾರೆ. 2014ರಿಂದ 2016ರವರೆಗೆ ರಮಝಾನ್ ಜೂನ್-ಜುಲೈಯಲ್ಲಿ ಬಂದಾಗ ಮುಂಬಯಿಯಲ್ಲಿ ಇದು ಬರೀ ಕಿತಾಬಿನ ಮಾತಾಗಿರಲಿಲ್ಲ!

ನಿದ್ದೆಯ ಸ್ಖಲನದಿಂದ ಉಪವಾಸ ಮುರಿಯದು. ಗುಸ್ಲ್ (ಶುದ್ಧಿಸ್ನಾನ) ಕಡ್ಡಾಯ, ನಮಾಝಿನ ವೇಳೆ ಮೀರುವ ಮುನ್ನ ಮಾಡಿದರಾಯಿತು. ಜನಾಬತ್ತಿನಲ್ಲೇ (ಸ್ನಾನ ಬಾಕಿಯಿರುವ ಅಶುದ್ಧಿಯಲ್ಲೇ) ಫಜ್ರ್, ಅಂದರೆ ಬೆಳಗಿನ ನಮಾಝಿನ ವೇಳೆ, ಆದರೂ ಪ್ರವಾದಿಯವರು(ಸ) ಉಪವಾಸ ಮುಂದುವರಿಸುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಲೋಕಲ್‌ನಲ್ಲಿ ತಲೆ ಸುತ್ತಿ ಪ್ರಜ್ಞೆ ತಪ್ಪಿದ ಶಾಫಿಈಯವರ ಉಪವಾಸವೂ ಉಳಿಯುತ್ತದೆ, ಹಗಲಿನಲ್ಲಿ ಒಂದು ಗಳಿಗೆಯಾದರೂ ಎಚ್ಚರವಿದ್ದರೆ ಸಾಕು. ಹಾಗೆಂದು "ನನ್ನ ಕೈಯಲ್ಲಿಲ್ಲದ್ದು ಯಾವುದೂ ಮುರಿಯದು" ಎಂದುಕೊಳ್ಳಬೇಡಿ. ಮುಟ್ಟು ಯಾರ ಕೈಯಲ್ಲೂ ಇಲ್ಲ, ಆದರೂ ಮಗ್ರಿಬ್‌ಗೆ ಒಂದು ನಿಮಿಷ ಇರುವಾಗ ಶುರುವಾದರೂ ಅಂದಿನ ಉಪವಾಸ ಹೋಯಿತು. ಉಪವಾಸಕ್ಕೆ ಖಝಾ ಉಂಟು, ಆ ದಿನಗಳ ನಮಾಝಿಗಿಲ್ಲ.

ನಿಮ್ಮ ಒಂದು ದಿನವನ್ನು ಎರಡು ಈದ್, ಬಕ್ರೀದಿನ ನಂತರದ ಮೂರು ದಿನ ಬಿಟ್ಟು ಯಾವಾಗ ಬೇಕಾದರೂ ತೀರಿಸಿ. ನಿಯ್ಯತ್ (ಉಪವಾಸದ ಸಂಕಲ್ಪ) ಹಿಂದಿನ ರಾತ್ರಿಯೇ, ಫಜ್ರ್‌ಗೆ ಮೊದಲು ಆಗಬೇಕು. ಕಾರಣವಿಲ್ಲದೆ ಮುಂದಿನ ರಮಝಾನ್ ದಾಟಿಸಿದರೆ ಶಾಫಿಈಯಲ್ಲಿ ಖಝಾ ಜೊತೆಗೆ ಬಡವರಿಗೆ ಒಂದು ಮುದ್ದ್ ಅಕ್ಕಿಯನ್ನೂ, ಅಂದರೆ ಎರಡು ಕೈ ಸೇರಿಸಿದ ಒಂದು ಬೊಗಸೆಯಷ್ಟು, ಕೊಡಬೇಕಾಗುತ್ತದೆ.