ಡಿಸೈರ್‌ನ ಚಕ್ರ, ಟೈರು, ಸೀಟು ಸ್ವಿಫ್ಟ್‌ಗೆ ಹೊಂದುತ್ತವೆಯೇ?

ಪ್ರಶ್ನೆ: ನನ್ನಲ್ಲಿ 2018ರ ಸ್ವಿಫ್ಟ್ ವಿಎಕ್ಸ್‌ಐ ಇದೆ. ಅದರಲ್ಲಿರುವುದು 14 ಇಂಚಿನ ಕಬ್ಬಿಣದ ರಿಮ್‌ಗಳು. ನಮ್ಮ ದೊಡ್ಡಪ್ಪನ ಮಗನ 2020ರ ಡಿಸೈರ್‌ಗೆ ಹಿಂದಿನಿಂದ ಲಾರಿ ಗುದ್ದಿದ್ದರಿಂದ ಅದನ್ನು ಮತ್ತೆ ರಸ್ತೆಗಿಳಿಸುವಂತಿಲ್ಲ. ಅದರ 15 ಇಂಚಿನ ಅಲಾಯ್ ಚಕ್ರಗಳು, ಟೈರುಗಳು ಮತ್ತು ಸೀಟುಗಳು ನೋಡಲು ಚೆನ್ನಾಗಿಯೇ ಇವೆ. ಇವನ್ನು ನನ್ನ ಗಾಡಿಗೆ ಹಾಕಿಸಿಕೊಳ್ಳಬಹುದೇ? ವಾರಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುತ್ತೇನೆ.
– ಓದುಗರು, ತೀರ್ಥಹಳ್ಳಿ

ಉತ್ತರ: ನೀವು ಕೇಳಿರುವ ಮೂರು ವಸ್ತುಗಳಿಗೂ ಒಂದೇ ಉತ್ತರ ಕೊಡಲಾಗುವುದಿಲ್ಲ. ಚಕ್ರಗಳನ್ನು ಪರೀಕ್ಷಿಸಿ ಹಾಕಿಸಿಕೊಳ್ಳಬಹುದು. ಟೈರುಗಳ ವಿಷಯವನ್ನು ಅವುಗಳ ವಯಸ್ಸು ಮತ್ತು ಸವೆತ ನಿರ್ಧರಿಸಬೇಕು. ಸೀಟುಗಳನ್ನು ಮಾತ್ರ ಬಿಟ್ಟುಬಿಡಿ ಎಂದೇ ಹೇಳುತ್ತೇನೆ.

2017ರಲ್ಲಿ ಬಂದ ಡಿಸೈರ್ ಮತ್ತು 2018ರಲ್ಲಿ ಬಂದ ಸ್ವಿಫ್ಟ್ ಒಂದೇ ತಳಹದಿಯ ಮೇಲೆ ನಿಂತ ಗಾಡಿಗಳು. ಎರಡರಲ್ಲೂ ಚಕ್ರಕ್ಕೆ ನಾಲ್ಕು ನಟ್ಟುಗಳಿದ್ದು, ಅವು ಕೂರುವ ವೃತ್ತದ ವ್ಯಾಸ, ಅಂದರೆ ಗ್ಯಾರೇಜಿನವರು ಪಿಸಿಡಿ ಎನ್ನುವ ಅಳತೆ, 100 ಮಿ.ಮೀ. ಇದೆ. ಹಬ್ಬಿನ (ಚಕ್ರವನ್ನು ಬಿಗಿಯುವ, ಆಕ್ಸಲಿನ ತುದಿಯ ಭಾಗ) ಮೇಲೆ ಕೂರುವ ನಡುವಿನ ತೂತು 54.1 ಮಿ.ಮೀ. ಇದ್ದು, ಬೋಲ್ಟಿನ ಮರೆ, ಅಂದರೆ ನಟ್ಟು ಸುತ್ತಿಕೊಳ್ಳುವ ತಿರುಪಿನ ಗೆರೆ, 12 ಮಿ.ಮೀ. ದಪ್ಪಕ್ಕೆ 1.25 ಮಿ.ಮೀ. ಅಂತರದ್ದು. ಆದ್ದರಿಂದ ಕಂಪನಿಯದೇ ಅಲಾಯ್ ಚಕ್ರ ಆಗಿದ್ದರೆ ಅದು ನಿಮ್ಮ ಹಬ್ಬಿನ ಮೇಲೆ ಯಾವ ಬಳೆಯನ್ನೂ ತುಂಡನ್ನೂ ಸೇರಿಸದೆ ನೇರವಾಗಿ ಕೂರುತ್ತದೆ. ಹೊರಗಿನ ಅಂಗಡಿಯಲ್ಲಿ ಕೊಂಡ ಅಲಾಯ್ ಆಗಿದ್ದರೆ ಚಕ್ರವನ್ನು ತಿರುಗಿಸಿ ಒಳಮೈಯಲ್ಲಿ ಅಚ್ಚಾಗಿರುವ ಆಫ್‌ಸೆಟ್ ಅಂಕಿಯನ್ನು (ಹಬ್ಬಿಗೆ ತಾಗುವ ಮೈ ರಿಮ್‌ನ ಅಗಲದ ನಡುಗೆರೆಯಿಂದ ಎಷ್ಟು ಮಿ.ಮೀ. ದೂರವಿದೆ ಎಂಬುದನ್ನು) ನಿಮ್ಮ ಹಳೆಯ ರಿಮ್‌ನ ಅಂಕಿಯೊಂದಿಗೆ ಹೋಲಿಸಿ ನೋಡಿ. ಈ ಅಂಕಿ 10 ಕಡಿಮೆಯಾದರೆ ಚಕ್ರ 10 ಮಿ.ಮೀ. ಹೊರಗೆ ಬರುತ್ತದೆ, ರಿಮ್‌ನ ಅಗಲ ಅರ್ಧ ಇಂಚು ಹೆಚ್ಚಿದ್ದರೆ ಒಳಕ್ಕೂ ಹೊರಕ್ಕೂ ತಲಾ 6 ಮಿ.ಮೀ.ಗಿಂತ ತುಸು ಹೆಚ್ಚು ಚಾಚುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಇಷ್ಟು ವ್ಯತ್ಯಾಸ ಗಮನಕ್ಕೇ ಬಾರದೆ ಹೋಗಬಹುದು. ಆಗುಂಬೆಯಂಥ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ, ಐದು ಜನ ಮತ್ತು ಸಾಮಾನು ತುಂಬಿದ ಗಾಡಿಯ ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ, ಟೈರು ಮಡ್‌ಗಾರ್ಡಿನ ಒಳಪದರಕ್ಕೋ ಸಸ್ಪೆನ್ಷನ್ನಿನ ಕಂಬಕ್ಕೋ ಉಜ್ಜುತ್ತದೆ. ಹೀಗಾಗಿ ಚಕ್ರ ಹಾಕಿಸಿದ ಮೇಲೆ ಖಾಲಿ ಗಾಡಿಯನ್ನು ಅಂಗಡಿಯ ಮುಂದೆ ಒಂದು ಸುತ್ತು ಹಾಕಿ ತೃಪ್ತರಾಗಬೇಡಿ; ಜನರನ್ನು ಕೂರಿಸಿಕೊಂಡು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ.

ಇನ್ನು ಹೊರ ವ್ಯಾಸದ ಲೆಕ್ಕ. ನಿಮ್ಮ 165/80 ಆರ್ 14 (ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ 80, ರಿಮ್ 14 ಇಂಚು) ಟೈರಿನ ಒಟ್ಟು ವ್ಯಾಸ ಸುಮಾರು 620 ಮಿ.ಮೀ., ಡಿಸೈರ್‌ನ 185/65 ಆರ್ 15 ಟೈರಿನದು ಸುಮಾರು 621 ಮಿ.ಮೀ. ಕಂಪನಿಯವರು ಈ ಎರಡು ಅಳತೆಗಳನ್ನು ಒಂದೇ ಮಾದರಿಯ ಬೇರೆ ಬೇರೆ ಶ್ರೇಣಿಗಳಿಗೆ ಕೊಟ್ಟಿರುವುದು ಇದೇ ಕಾರಣಕ್ಕೆ: ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ, ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಹಾಕಿಕೊಳ್ಳದಂತೆ ತಡೆಯುವ ಎಬಿಎಸ್‌ನ ಲೆಕ್ಕ ಕೆಡುವುದಿಲ್ಲ, ಡಿಕ್ಕಿಯಲ್ಲಿರುವ ನಿಮ್ಮ ಹಳೆಯ 14 ಇಂಚಿನ ಸ್ಟೆಪ್ನಿಯನ್ನು ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಲೂ ತೊಂದರೆಯಿಲ್ಲ. ಅದೇ 15 ಇಂಚಿನ ರಿಮ್‌ಗೆ 'ಸ್ವಲ್ಪ ಎತ್ತರ ಸಿಗಲಿ' ಎಂದು 195/65 ಹಾಕಿಸಿದರೆ ವ್ಯಾಸ 634 ಮಿ.ಮೀ. ದಾಟುತ್ತದೆ; ಮೀಟರು 80 ತೋರಿಸುವಾಗ ಗಾಡಿ ಮೊದಲಿಗಿಂತ ಹೆಚ್ಚುಕಡಿಮೆ 2 ಕಿ.ಮೀ. ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ, ಏರಿನಲ್ಲಿ ಎಳೆತವೂ ಕುಗ್ಗುತ್ತದೆ.

ಲಾರಿ ಗುದ್ದಿದ ಗಾಡಿಯ ಚಕ್ರಗಳಾದ್ದರಿಂದ, ಅದರಲ್ಲೂ ಹಿಂದಿನ ಎರಡನ್ನು, ಟೈರು ಕಳಚಿಸಿ, ಒಳಗಿನ ಕೆಸರು ತೊಳೆಸಿ, ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಬರಿಯ ರಿಮ್ ತಿರುಗಿಸಿ ನೋಡಿಸಿ. ಶಿವಮೊಗ್ಗದ ಆಟೊ ಕಾಂಪ್ಲೆಕ್ಸ್ ಕಡೆ ಇದನ್ನು ಮಾಡುವ ಅಂಗಡಿಗಳು ಸಿಗುತ್ತವೆ. ಒಳಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಹಿಂದೆ ಯಾವಾಗಲೋ ವೆಲ್ಡಿಂಗ್ ಮಾಡಿದ ಗುರುತಿದ್ದರೂ ಆ ಚಕ್ರ ಬೇಡವೇ ಬೇಡ. ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ, ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿತಕ್ಕೆ ಮತ್ತೊಮ್ಮೆ ನೋಡಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನಿಮ್ಮ ಓಡಾಟ ಹೆದ್ದಾರಿಗಿಂತ ತೋಟದ ರಸ್ತೆ, ಹಳ್ಳಿಯ ಕಚ್ಚಾ ದಾರಿಗಳಲ್ಲೇ ಹೆಚ್ಚಾಗಿದ್ದರೆ ಈಗಿರುವ ಕಬ್ಬಿಣದ ರಿಮ್‌ಗಳೇ ಉತ್ತಮ. ಅವುಗಳ ಟೈರಿನ ಪಕ್ಕೆಯ ಎತ್ತರ 132 ಮಿ.ಮೀ., 15 ಇಂಚಿನದರಲ್ಲಿ 120 ಮಿ.ಮೀ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ಅದಕ್ಕೆ ಚಕ್ರ ಬಿದ್ದಾಗ ಏಟನ್ನು ಮೊದಲು ತಾಳುವುದು ಈ ಪಕ್ಕೆಯ ರಬ್ಬರು. ಅದನ್ನೂ ಮೀರಿದ ಏಟಿಗೆ ಕಬ್ಬಿಣದ ರಿಮ್ ಬಾಗುತ್ತದೆ, ಪೇಟೆಗೆ ಬಂದು ಬೆಂಡ್ ತೆಗೆಸಬಹುದು. ಅಲಾಯ್ ಸೀಳುತ್ತದೆ. ಮಳೆಯಲ್ಲಿ ರಸ್ತೆಯ ಮಧ್ಯೆ ಸಿಕ್ಕಿಬೀಳುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಟೈರುಗಳ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. ಅಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗಾಡಿಯ ಜತೆ ಬಂದ ಮೂಲ ಟೈರುಗಳೇ ಅವಾಗಿದ್ದರೆ, ಹಲ್ಲು ಎಷ್ಟೇ ಉಳಿದಿದ್ದರೂ ಘಾಟಿಯ ಮಳೆಗೆ ಅವನ್ನು ನಂಬಬೇಡಿ. ಐದಾರು ವರ್ಷ ಕಳೆದ ರಬ್ಬರು ಗಟ್ಟಿಯಾಗಿ ಒದ್ದೆ ಡಾಂಬರಿನ ಮೇಲೆ ಹಿಡಿತ ಕಳೆದುಕೊಳ್ಳುತ್ತಾ ಹೋಗುತ್ತದೆ. ಕಾರಿನ ಟೈರಿನ ಹಲ್ಲಿನ ಆಳಕ್ಕೆ ನಿಯಮ ಹಾಕಿರುವ ಕನಿಷ್ಠ ಮಿತಿ 1.6 ಮಿ.ಮೀ. ವರ್ಷಕ್ಕೆ 7,000 ಮಿ.ಮೀ. ಆಸುಪಾಸಿನ ಮಳೆ ಸುರಿಯುವ ಆಗುಂಬೆಯ ದಾರಿಗೆ ಆ ಮಿತಿ ಸಾಲದು. ಮಲೆನಾಡಿನಲ್ಲಿ ಓಡಿಸುವವರು 3 ಮಿ.ಮೀ.ಗೆ ಇಳಿದೊಡನೆ, ಅದೂ ಮಳೆಗಾಲಕ್ಕೆ ಮುನ್ನವೇ, ಟೈರು ಬದಲಿಸಬೇಕು. ನಾಲ್ಕರಲ್ಲಿ ಎರಡು ಮಾತ್ರ ಚೆನ್ನಾಗಿದ್ದರೆ ಆ ಎರಡನ್ನು ಹಿಂದಿನ ಚಕ್ರಗಳಿಗೇ ಹಾಕಿಸಿ. ಮುಂದಿನ ಚಕ್ರಗಳು ಎಳೆಯುವ ಗಾಡಿಗೆ ಒಳ್ಳೆಯ ಟೈರು ಮುಂದಿರಲಿ ಎಂದು ಅನುಭವಿಗಳೇ ಹೇಳುವುದುಂಟು. ಆದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಸರಿದು ಹಿಂಭಾಗ ಹಗುರಾಗುತ್ತದೆ; ಆಗ ಸವೆದ ಹಿಂದಿನ ಟೈರು ಜಾರಿದರೆ ಗಾಡಿ ಅಡ್ಡಡ್ಡ ತಿರುಗುತ್ತದೆ, ಅದನ್ನು ಸ್ಟೇರಿಂಗಿನಿಂದ ಸರಿಪಡಿಸುವುದು ಬಹಳ ಕಷ್ಟ. ಒಂದೇ ಆಕ್ಸಲಿನ ಎರಡು ಬದಿಗೆ ಬೇರೆ ಬೇರೆ ಟೈರು ಹಾಕುವುದಂತೂ ಸಲ್ಲದು.

ಸೀಟುಗಳನ್ನು ಬೇಡವೆಂದದ್ದಕ್ಕೆ ಮೊದಲ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಹಿಂದಿನಿಂದ ಏಟು ಬಿದ್ದಾಗ ಕೂತವರ ಇಡೀ ಭಾರ ಸೀಟಿನ ಬೆನ್ನಿಗೆ ಅಪ್ಪಳಿಸುತ್ತದೆ. ಬೆನ್ನನ್ನು ಹಿಂದೆ ಮುಂದೆ ಮಾಡುವ ಹಲ್ಲಿನ ಕೀಲು ಮತ್ತು ಚೌಕಟ್ಟಿನ ಬೆಸುಗೆ ಆ ಒತ್ತಡವನ್ನು ಒಮ್ಮೆ ತಾಳಿರುತ್ತವೆ, ಬಟ್ಟೆ ಮತ್ತು ಸ್ಪಂಜಿನ ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಮುಂದಿನ ಸೀಟ್‌ಬೆಲ್ಟಿನ ಬಕಲ್ ಕೂಡ ಸೀಟಿನ ಚೌಕಟ್ಟಿಗೇ ಬಿಗಿದಿರುವುದರಿಂದ, ಅಪಘಾತದಲ್ಲಿ ನಿಮ್ಮನ್ನು ಹಿಡಿದಿಡುವ ಬಲ ಅದೇ ಚೌಕಟ್ಟು ಮತ್ತು ಅದರ ಬೋಲ್ಟುಗಳ ಮೂಲಕವೇ ನೆಲಕ್ಕೆ ಇಳಿಯಬೇಕು.

ವೈರಿಂಗ್ ಎರಡನೆಯ ತೊಡಕು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕರಿಗೂ ಪಕ್ಕದವರಿಗೂ ಸೀಟ್‌ಬೆಲ್ಟ್ ನೆನಪಿಸುವ ಎಚ್ಚರಿಕೆ ಕಡ್ಡಾಯವಾಯಿತು; ಹೀಗಾಗಿ 2020ರ ಡಿಸೈರ್‌ನ ಸೀಟಿನ ಕೆಳಗಿರುವ ವೈರು ಮತ್ತು ಸೆನ್ಸರ್‌ಗಳಿಗೆ ಹೊಂದುವ ಜೋಡಣೆ 2018ರ ನಿಮ್ಮ ಗಾಡಿಯಲ್ಲಿ ಇರಬೇಕೆಂದಿಲ್ಲ. ಹಿಂದಿನ ಸೀಟಂತೂ ಕೂರುವುದೇ ಇಲ್ಲ, ಏಕೆಂದರೆ ಸ್ವಿಫ್ಟ್‌ನ ಹಿಂದಿನ ಬೆನ್ನು ಮಡಚಿಕೊಳ್ಳುವಂಥದ್ದು, ಡಿಸೈರ್‌ನದು ಡಿಕ್ಕಿಯ ಗೋಡೆಗೆ ಅಂಟಿ ನಿಂತಂಥದ್ದು. ಹೊಸ ತೂತು ಕೊರೆದು, ಪಟ್ಟಿ ವೆಲ್ಡ್ ಮಾಡಿ ಕೂರಿಸಿಕೊಡುತ್ತೇವೆ ಎನ್ನುವವರು ಸಿಕ್ಕರೆ ದಯವಿಟ್ಟು ಒಪ್ಪಬೇಡಿ. ಕೂರಲು ಹಿತವಾಗಬೇಕೆಂಬುದೇ ಉದ್ದೇಶವಾದರೆ ನಿಮ್ಮ ಸೀಟಿಗೇ ಹೊಸ ಸ್ಪಂಜು, ಹೊಸ ಕವರ್ ಹಾಕಿಸುವುದು ಸುರಕ್ಷಿತ ಮತ್ತು ಅಗ್ಗ. (ಸೀಟಿನ ಬದಿಯಲ್ಲೇ ಏರ್‌ಬ್ಯಾಗ್ ಇರುವ ಹೊಸ ಗಾಡಿಗಳನ್ನು ಹೊಂದಿರುವ ಓದುಗರು ಮಾತ್ರ, ಆ ಬದಿಯನ್ನು ತೆರೆದು ಬಿಟ್ಟ ಕವರ್‌ಗಳನ್ನಷ್ಟೇ ಕೊಳ್ಳಬೇಕು.)

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ನಿಮ್ಮದೇ ಮಾದರಿಯ ಮೇಲಿನ ಶ್ರೇಣಿಗೆ ಕಂಪನಿ ಕೊಟ್ಟ ಅಳತೆಯಲ್ಲೇ ಉಳಿಯಬೇಕೆನ್ನಲು ಇದೂ ಒಂದು ಕಾರಣ. ಅಲಾಯ್ ಹಾಕಿಸಿದರೆ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ.

ಪ್ರಶ್ನೆ: 2014ರ ಸ್ವಿಫ್ಟ್ ಡೀಸೆಲ್ ಇದೆ. ಫಿಯಟ್ ಪುಂಟೊದ ಅಲಾಯ್ ಚಕ್ರಗಳು ಕಡಿಮೆ ಬೆಲೆಗೆ ಸಿಗುತ್ತಿವೆ. ಎರಡೂ ಗಾಡಿಯ ಎಂಜಿನ್ ಒಂದೇ ಅಲ್ಲವೇ, ಚಕ್ರವೂ ಹೊಂದುತ್ತದೆಯೇ?
– ಓದುಗರು, ಸಾಗರ

ಉತ್ತರ: ಹೊಂದುವುದಿಲ್ಲ. ಎರಡರಲ್ಲೂ ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ ಇದ್ದದ್ದು ನಿಜ, ಆದರೆ ಎಂಜಿನ್ನಿಗೂ ಹಬ್ಬಿಗೂ ಸಂಬಂಧವಿಲ್ಲ. ಪುಂಟೊದ ಪಿಸಿಡಿ 98 ಮಿ.ಮೀ., ನಿಮ್ಮದು 100. ಈ 2 ಮಿ.ಮೀ. ಅಂತರವೇ ಅಪಾಯಕಾರಿ, ಏಕೆಂದರೆ ಬಲವಂತವಾಗಿ ಬಿಗಿದರೆ ಚಕ್ರ ಕೂತಂತೆಯೇ ಕಾಣುತ್ತದೆ. ನಟ್ಟುಗಳು ಮಾತ್ರ ತಮ್ಮ ಕುಳಿಯಲ್ಲಿ ಪೂರ್ತಿ ಕೂರದೆ, ಬೋಲ್ಟುಗಳು ಸದಾ ಓರೆಯಾಗಿ ಎಳೆಯಲ್ಪಟ್ಟು, ಓಡುತ್ತಾ ಓಡುತ್ತಾ ಸಡಿಲವಾಗುತ್ತವೆ ಇಲ್ಲವೇ ತುಂಡಾಗುತ್ತವೆ. ನಡುವಿನ ತೂತೂ ಪುಂಟೊದಲ್ಲಿ 58.1 ಮಿ.ಮೀ. ಇರುವುದರಿಂದ ಚಕ್ರಕ್ಕೆ ನಿಮ್ಮ ಹಬ್ಬಿನ ಆಧಾರವೂ ಸಿಗುವುದಿಲ್ಲ. ಕಡಿಮೆ ಬೆಲೆಗೆ ಅಲಾಯ್ ಬೇಕೇ ಆದರೆ ನಿಮ್ಮದೇ ತಲೆಮಾರಿನ ಸ್ವಿಫ್ಟ್ ಅಥವಾ ಸ್ವಿಫ್ಟ್ ಡಿಸೈರ್‌ನ ಕಂಪನಿ ಚಕ್ರಗಳನ್ನು ಹುಡುಕಿ, ಮೇಲೆ ಹೇಳಿದ ರೀತಿಯಲ್ಲಿ ಒಳಮೈ ಪರೀಕ್ಷಿಸಿ ಕೊಳ್ಳಿ.